ಇಪ್ಪತ್ತೊಂದನೇ ನಿಮಿಷದ ಹನ್ನೊಂದು ಸೆಕೆಂಡು

ಆರು ವರ್ಷದ ಹಿಂದೆ, ಜಗಳೂರಿನಿಂದ ಸೊಕ್ಕೆಗೆ ಹೊರಟಿದ್ದ ಬಸ್ಸೊಂದು ಹೊಸದಾಗಿ ಹಾಕಿದ್ದ ಹಂಪನ್ನು ಕಾಣದೆ ಹಾರಿದಾಗ, ಮೈಲಾರಿಯವರ ಮೇಲಿನ ನಾಲ್ಕು ಹಲ್ಲು ಮುಂದಿನ ಸೀಟಿನ ಕಂಬಿಗೆ ಅರ್ಪಿತವಾದವು. ಬೇರೆ ಯಾರ ಹಲ್ಲಾಗಿದ್ದರೂ ರೊಟ್ಟಿ ಬಿಟ್ಟು ಮುದ್ದೆಗೆ ಬಂದರೆ ಮುಗಿಯುವ ವಿಷಯ. ಆದರೆ ಮೈಲಾರಿ ಸ್ಯಾಕ್ಸೋಫೋನ್ ನುಡಿಸುವವರು. ಆ ವಾದ್ಯದ ಮೂತಿ ಮೇಲಿನ ಹಲ್ಲಿಗೆ ಆನಿಕೊಂಡೇ ನಿಲ್ಲಬೇಕು. ಹಲ್ಲಿಲ್ಲದವನ ಕೈಯಲ್ಲಿ ಅದೊಂದು ದುಬಾರಿ ಹಿತ್ತಾಳೆ ಪಾತ್ರೆ.

ಮದುವೆ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿನೆಟ್ ಊದುತ್ತಾ ಶುರು ಮಾಡಿದ ಅವರು ಆಮೇಲೆ ಬೆಂಗಳೂರಿನ ಹೋಟೆಲೊಂದರ ಜಾಝ್ ತಂಡದಲ್ಲಿ ಇಪ್ಪತ್ತೆರಡು ವರ್ಷ ನುಡಿಸಿದ್ದರು. ಜಾಝ್ ಅಂದರೇನು ಎಂದು ಅವರ ಹುಟ್ಟೂರು ಸೊಕ್ಕೆಯವರು ಕೇಳಿದರೆ, "ಒಂದು ಧಾಟಿ ಹಿಡಿಯೋದು, ಅದನ್ನ ಬಿಟ್ಟು ಊರೆಲ್ಲಾ ಅಲೆಯೋದು, ಕೊನೆಗೆ ಮತ್ತೆ ಅದೇ ಧಾಟಿಗೆ ಬಂದು ಸೇರೋದು" ಎಂದು ವಿವರಿಸುತ್ತಿದ್ದರು.

"ಅಂದ್ರೆ ನಮ್ಮ ಸಣ್ಣಪ್ಪ ಸಂತೆ ದಿನ ಮಾಡ್ತಾನಲ್ಲ, ಅದು" ಎಂದು ಊರು ಅರ್ಥ ಮಾಡಿಕೊಂಡಿತ್ತು. "ಆದ್ರೆ ಅವನು ಮನೆಗೆ ಬಂದು ಸೇರೋದು ಅಪರೂಪ."

ಹಲ್ಲು ಹೋದ ಮೇಲೆ ಮೈಲಾರಿ ನ್ಯಾಮತಿಯಲ್ಲಿ ಕಾಲೇಜಿನ ಗ್ರಂಥಪಾಲಕಿಯಾಗಿದ್ದ ಮಗಳು ಸಂಘಮಿತ್ರಾಳ ಮನೆ ಸೇರಿದರು. ಐದು ವರ್ಷ ವಾದ್ಯ ಮಂಚದ ಕೆಳಗಿತ್ತು. ಕಳೆದ ವರ್ಷ ಮಗಳು ಹಟ ಹಿಡಿದು ದಾವಣಗೆರೆಯಲ್ಲಿ ಹಲ್ಲಿನ ಸೆಟ್ಟು ಕಟ್ಟಿಸಿದಳು. ಅಪ್ಪ ಅದನ್ನು ಹಾಕಿಕೊಂಡು ಮೊದಲು ಮಾಡಿದ ಕೆಲಸ ಊಟವಲ್ಲ. ಪಕ್ಕದ ಮನೆಯ ಎಮ್ಮೆ ಗೂಟ ಕಿತ್ತುಕೊಂಡು ಓಡಿದ್ದು ಆವತ್ತೇ.

ಹತ್ತು ತಿಂಗಳು ಅಭ್ಯಾಸ ನಡೆಯಿತು. "ಹೆಂಗೈತವ್ವ?" ಎಂದು ದಿನವೂ ಕೇಳುವುದು, "ಚೆನ್ನಾಗೈತಪ್ಪ" ಎಂದು ಮಗಳು ಹೇಳುವುದು. ಒಂದು ದಿನ ಮೈಲಾರಿ ಹೇಳಿಯೇಬಿಟ್ಟರು: "ನೀನು ಮಗಳು, ನಿನ್ನ ಮಾತು ಲೆಕ್ಕಕ್ಕಿಲ್ಲ. ಜನರ ಮುಂದೆ, ನಿಲ್ಲಿಸದಂಗೆ ನಲವತ್ತು ನಿಮಿಷ ನುಡಿಸ್ತೀನಿ. ನನ್ನ ಬಾಯಿ ಇನ್ನೂ ಐತೋ ಇಲ್ವೋ ಗೊತ್ತಾಗಬೇಕು. ಇಲ್ಲ ಅಂದ್ರೆ ಇದನ್ನ ಬ್ಯಾಂಡ್‌ಸೆಟ್ಟಿನೋರಿಗೆ ಕೊಟ್ಟು ಸುಮ್ನೆ ಕೂತ್ಕೊಂತೀನಿ."

ಬೆಂಗಳೂರಿನ ಸಣ್ಣ ರೆಕಾರ್ಡಿಂಗ್ ಕಂಪನಿಯೊಂದು ಅದನ್ನು ಮುದ್ರಿಸಿಕೊಳ್ಳಲು ಒಪ್ಪಿತು. ಜನರ ಮುಂದೆಯೇ ಆಗಬೇಕು, ಕತ್ತರಿ ಹಾಕುವಂತಿಲ್ಲ ಎಂಬುದು ಅವರ ಷರತ್ತೂ ಆಗಿತ್ತು. ಜನರನ್ನು ಸೇರಿಸುವ ಹೊಣೆ ಹೊತ್ತವರು ಚನ್ನಗಿರಿಯ ಅಡಿಕೆ ವ್ಯಾಪಾರಿ, ಕಲಾ ಬಳಗವೊಂದರ ಅಧ್ಯಕ್ಷ ಗುರುಬಸವರಾಜ್. ಅವರಿಗೆ ಜಾಝ್ ಗೊತ್ತಿರಲಿಲ್ಲ, ಆದರೆ ಅಧ್ಯಕ್ಷತೆ ಚೆನ್ನಾಗಿ ಗೊತ್ತಿತ್ತು. ಆಷಾಢವಾದ್ದರಿಂದ ಹೊನ್ನಾಳಿಯ ಕಲ್ಯಾಣ ಮಂಟಪ ಖಾಲಿ ಸಿಕ್ಕಿತು. ಆಮಂತ್ರಣ ಪತ್ರಿಕೆಯಲ್ಲಿ ಮೂವತ್ತಾರು ಹೆಸರಿದ್ದವು. ಮೈಲಾರಿಯವರದು ಕೊನೆಯಲ್ಲಿ, 'ಧ್ವನಿವರ್ಧಕ' ಎಂಬುದರ ಮೇಲಿನ ಸಾಲಿನಲ್ಲಿ.

ಕಾರ್ಯಕ್ರಮ ಹನ್ನೊಂದಕ್ಕೆ ಎಂದಿತ್ತು. ಆದ್ದರಿಂದ ಹನ್ನೆರಡೂವರೆಗೆ ಶುರುವಾಯಿತು. ಪ್ರಾರ್ಥನೆ ಮಾಡಿದವರು ಹೊನ್ನಾಳಿಯ ಕೊಟ್ರಮ್ಮ ಮತ್ತು ಅವರ ಭಜನಾ ಮಂಡಳಿಯ ಏಳು ಹೆಂಗಸರು. ಪ್ರಾರ್ಥನೆಯಿಲ್ಲದೆ ನಮ್ಮ ಕಡೆ ಬೋರ್‌ವೆಲ್ ಮೋಟರೂ ಚಾಲೂ ಆಗುವುದಿಲ್ಲ. ಹಾಡಿ ಮುಗಿದ ಮೇಲೆ ಅವರು ಮುಂದಿನ ಸಾಲಿನ ಕುರ್ಚಿಗಳಲ್ಲೇ ಕುಳಿತರು. ಅವರ ಮುಂದಿನ ಮೈಕು ಆಫ್ ಆಗದೆ ಹಾಗೇ ಉಳಿಯಿತು. ಆಮೇಲೆ ಸ್ವಾಗತ, ಪ್ರಾಸ್ತಾವಿಕ, ದೀಪ. ದೀಪ ಮೂರು ಸಲ ಆರಿತು, ಫೋಟೋ ನಾಲ್ಕು ಸಲ ಆಯಿತು. ರೆಕಾರ್ಡಿಂಗಿನವನು ಉಪಕರಣ ಆಫ್ ಮಾಡಲು ಹೋದಾಗ ಗುರುಬಸವರಾಜ್ ವೇದಿಕೆಯಿಂದಲೇ ತಡೆದರು: "ಆಫ್ ಮಾಡಬೇಡ್ರಿ. ಲೈವ್ ಅಂದ ಮೇಲೆ ಎಲ್ಲಾ ಬರಬೇಕಲ್ರೀ!"

ಒಂದೂ ಮುಕ್ಕಾಲಿಗೆ, ಹಸಿದ ಮುನ್ನೂರು ಜನರ ಎದುರು, ಮೈಲಾರಿ ಎದ್ದು ನಿಂತರು. ಜೊತೆಗಿದ್ದವನು ಒಬ್ಬನೇ, ಹಳೆಯ ಬ್ಯಾಂಡ್‌ಸೆಟ್ಟಿನ ಡ್ರಮ್ಮಿನ ಪಾಪಣ್ಣ.

ಅವರು ಎತ್ತಿಕೊಂಡಿದ್ದು ಬೀಸೋಕಲ್ಲಿನ ಪದವೊಂದರ ಧಾಟಿ. ಅವರ ತಾಯಿ ಹಾಡುತ್ತಿದ್ದುದು, ಈ ಸೀಮೆಯ ಹೆಂಗಸರಿಗೆಲ್ಲ ಗೊತ್ತಿರುವುದು. ಮೊದಲ ಸುತ್ತು ಸಭೆ ತಲೆದೂಗಿತು. ಐದನೇ ನಿಮಿಷಕ್ಕೆ ಮೈಲಾರಿ ಧಾಟಿ ಬಿಟ್ಟು ಅಲೆಯಲು ಹೊರಟರು. ಸಭೆಗೆ ಗಾಬರಿಯಾಯಿತು.

"ಅಯ್ಯೋ, ಮರೆತರು" ಎಂದರು ಕೊಟ್ರಮ್ಮ.

ಇದನ್ನು ತಿಳಿಯದವರಿಗೆ ಹೇಳಬೇಕು. ನಮ್ಮ ಕಡೆಯ ಭಜನೆಯಲ್ಲಿ ಮುಂದೆ ಹಾಡುವವರು ಪದ ಮರೆತರೆ ಹಿಂದಿನವರು ತಕ್ಷಣ ಎತ್ತಿಕೊಡಬೇಕು. ಎತ್ತಿಕೊಡದಿದ್ದರೆ ಮರ್ಯಾದೆ ಹೋಗುವುದು ಮರೆತವನದಲ್ಲ, ಸುಮ್ಮನೆ ಕೂತವರದು. ಹಾಗಾಗಿ ಕೊಟ್ರಮ್ಮ, ಪಾಪದ ಮುದುಕನೆಂಬ ಕರುಣೆಯಿಂದ, ಮುಂದಿನ ಸಾಲನ್ನು ಮೆಲ್ಲಗೆ ಗುನುಗಿದರು. ಪಾಪಣ್ಣ ಕಣ್ಣು ಕೆಂಪಗೆ ಮಾಡಿದ. ಮೈಲಾರಿ ತಿರುಗಿಯೂ ನೋಡಲಿಲ್ಲ. ಹತ್ತು ನಿಮಿಷದ ಮೇಲೆ ಕೊಟ್ರಮ್ಮ ಇನ್ನೊಮ್ಮೆ ಸಹಾಯಕ್ಕೆ ಬಂದರು. ಆಗಲೂ ಅದೇ ಉಪೇಕ್ಷೆ. "ಹಟಮಾರಿ" ಎಂದು ಪಕ್ಕದಾಕೆಗೆ ಹೇಳಿದ್ದು ರೆಕಾರ್ಡಿಂಗಿನಲ್ಲಿ ಸ್ಪಷ್ಟವಾಗಿದೆ.

ಇಪ್ಪತ್ತೊಂದನೇ ನಿಮಿಷದಲ್ಲಿ ಮೈಲಾರಿಯವರ ಹಲ್ಲಿನ ಸೆಟ್ಟು ಜಾರಿತು.

ಅವರು ಸಭೆಗೆ ಬೆನ್ನು ಹಾಕಿ, ಹೆಬ್ಬೆರಳಿನಿಂದ ಅದನ್ನು ಮೇಲಕ್ಕೆ ಒತ್ತಿ ಕೂರಿಸಿದರು. ಹನ್ನೊಂದು ಸೆಕೆಂಡು ಹಿಡಿಯಿತು. ಪಾಪಣ್ಣನೂ ಕೈ ನಿಲ್ಲಿಸಿದ. ತಿರುಗಿದಾಗ ಮೈಲಾರಿಗೆ ತಾವು ಎಲ್ಲಿದ್ದೆವೆಂಬುದೇ ಹಾರಿಹೋಗಿತ್ತು. ಧಾಟಿಯಿಲ್ಲ, ದಾರಿಯಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಹೀಗಾಗಿರಲಿಲ್ಲ. ವಾದ್ಯವನ್ನು ಕೆಳಗಿಡಲು ಕೈ ಇಳಿಯುತ್ತಿತ್ತು.

ಈ ಸಲ ಕೊಟ್ರಮ್ಮ ಗುನುಗಲಿಲ್ಲ. ಎಂಟೂ ಜನ ಗಂಟಲು ಬಿಟ್ಟು ಪದ ಎತ್ತಿಕೊಂಡರು. ಮೈಲಾರಿ ಆ ದನಿಯ ಸೆರಗು ಹಿಡಿದವರಂತೆ ಮೊದಲು ಒಂದು ಸ್ವರ, ಆಮೇಲೆ ಎರಡು ಎಂದು ಹಿಂದೆ ಹಿಂದೆ ನಡೆದರು. ಅವರು ಒಂದು ಸಾಲು ಹಾಡುವುದು, ಇವರು ಅದಕ್ಕೆ ಉತ್ತರ ಕೊಡುವುದು. ಹೀಗೆ ಹತ್ತೊಂಬತ್ತು ನಿಮಿಷ. ಮುಗಿದಾಗ ಸಭೆ ಒಂದೇ ಮನಸ್ಸಿನಿಂದ ಎದ್ದು ನಿಂತಿತು. ಊಟದ ಹಾಲಿನ ಬಾಗಿಲು ಆಗತಾನೇ ತೆರೆದಿತ್ತು.

ನಿಜವಾದ ಆಟ ಶುರುವಾದದ್ದು ಆಮೇಲೆ.

'ಹೊನ್ನಾಳಿ ಲೈವ್' ಎಂಬ ಹೆಸರಿನಲ್ಲಿ ರೆಕಾರ್ಡಿಂಗು ಯೂಟ್ಯೂಬಿಗೆ ಬಂದ ವಾರದಲ್ಲೇ ನಾಲ್ಕು ತಾಲ್ಲೂಕಿನ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡಿತು. ಪೂರ್ತಿಯಲ್ಲ, ತುಂಡು ತುಂಡಾಗಿ. ಚನ್ನಗಿರಿಯಲ್ಲಿ ಓಡಿದ್ದು ಗುರುಬಸವರಾಜರ ಹದಿನಾರು ನಿಮಿಷದ ಅಧ್ಯಕ್ಷ ಭಾಷಣ. "ಸರ್, ನಿಮ್ಮ ವಾಯ್ಸ್ ರೇಡಿಯೋದಾಗೆ ಬಂದಂಗೈತೆ" ಎಂದು ಬರೆದವರು ನಲವತ್ತು ಜನ. ಜಗಳೂರಿನವರು 'ನಮ್ಮ ತಾಲ್ಲೂಕಿನ ಹೆಮ್ಮೆ' ಎಂದು ಮೈಲಾರಿಯವರ ಫೋಟೋ ಹಾಕಿದರು. ಫೋಟೋ ಪಾಪಣ್ಣನದಾಗಿತ್ತು. ಹೊನ್ನಾಳಿಯ ಒಬ್ಬರು ಕೇಳಿದ್ದು ಒಂದೇ ಪ್ರಶ್ನೆ: "ಪಲಾವ್ ಮಾಡಿದ ಭಟ್ಟರ ನಂಬರ್ ಇದ್ರೆ ಹಾಕ್ರಿ."

ಮೈಲಾರಿಗೆ ಬೇಕಾದ ಉತ್ತರ ಯಾರಲ್ಲೂ ಇರಲಿಲ್ಲ. ಸಿಕ್ಕವರನ್ನೆಲ್ಲ ಕೇಳಿದರು: "ನಾನು ನುಡಿಸಿದ್ದರಾಗೆ ಇಪ್ಪತ್ತೊಂದನೇ ನಿಮಿಷ ಹೆಂಗಿತ್ರೀ?"

"ಇಪ್ಪತ್ತೊಂದಾ? ಸೂಪರ್ ಇತ್ತು ಸಾರ್" ಎಂದ ನ್ಯಾಮತಿಯ ಮೆಡಿಕಲ್ ಶಾಪಿನ ನಾಗರಾಜ್. "ಇಪ್ಪತ್ತೂ ಸೂಪರ್. ಇಪ್ಪತ್ತೆರಡೂ ಸೂಪರ್."

ಪಾಪಣ್ಣನನ್ನು ಕೇಳಿದರೆ, "ನೀನು ನಿಲ್ಲಿಸ್ದೆ, ನಾನೂ ನಿಲ್ಲಿಸ್ದೆ. ಬ್ಯಾಂಡ್‌ಸೆಟ್ಟಿನಾಗೆ ಹಂಗೇ ಅಲ್ವೇನಣ್ಣ, ಮದುವಣಗಿತ್ತಿ ಕಾರು ನಿಂತ್ರೆ ಎಲ್ಲಾ ನಿಂತು" ಎಂದ.

ಮೂರನೇ ವಾರ ಬೆಂಗಳೂರಿನಿಂದ ವಿಮರ್ಶೆ ಬಂತು. ಇಂಟರ್ನೆಟ್ಟಿನ ಸಂಗೀತ ಪತ್ರಿಕೆಯೊಂದರಲ್ಲಿ, ಬಹಳ ಓದಿಕೊಂಡವರು ಬರೆದದ್ದು. ಸಂಘಮಿತ್ರಾ ಅಪ್ಪನಿಗೆ ಓದಿ ಹೇಳಿದಳು: "'ವಾದನದ ಇಪ್ಪತ್ತೊಂದನೇ ನಿಮಿಷದಲ್ಲಿ ಬರುವ ಹನ್ನೊಂದು ಸೆಕೆಂಡುಗಳ ಮೌನ ಈ ಧ್ವನಿಮುದ್ರಣದ ಶಿಖರ. ಅದು ಜಗಳೂರಿನ ಬಯಲಿನ ಮೌನ, ಮಳೆಗೆ ಕಾಯುವ ನೆಲದ ಮೌನ. ಆಮೇಲೆ ಸಭೆಯ ನಡುವಿನಿಂದ ಏಳುವ ಸ್ತ್ರೀಕಂಠಗಳ ಯೋಜನೆಯಂತೂ ಪ್ರತಿಭೆಯ ಪರಮಾವಧಿ.'"

ಮೈಲಾರಿ, "ನಮ್ಮ ಬಯಲಾಗೆ ಮೌನ ಎಲ್ಲೈತವ್ವ? ಗಾಳಿ ಕಿವಿ ಕಿತ್ತುಹಾಕ್ತೈತೆ" ಎಂದರು.

"ಅಪ್ಪ, ಹೊಗಳ್ಯಾರೆ."

"ನನ್ನನ್ನಲ್ಲ. ದಾವಣಗೆರೆ ಡಾಕ್ಟರನ್ನ."

ವಿಮರ್ಶೆ ಚನ್ನಗಿರಿ ತಲುಪಿದ ದಿನವೇ ಗುರುಬಸವರಾಜ್ ಕಾರು ಹತ್ತಿ ನ್ಯಾಮತಿಗೆ ಬಂದರು. ಶಿಖರ, ಪರಮಾವಧಿ ಎಂಬ ಪದಗಳ ಕೆಳಗೆ ಕೆಂಪು ಗೆರೆ ಎಳೆದ ಪ್ರಿಂಟು ಕೈಯಲ್ಲಿತ್ತು.

"ಮೈಲಾರಿಯವರೇ, ಕಂಪನಿಯೋರು ಫೋನ್ ಮಾಡಿದ್ರು. ಮುಂದಿನ ತಿಂಗಳು ಬೆಂಗಳೂರಾಗೆ ಇದೇ ಪ್ರೋಗ್ರಾಂ. ಇದಿದ್ದಂಗೇ! ಹೆಂಗಸ್ರು ಬರಬೇಕು, ಆ ಹನ್ನೊಂದು ಸೆಕೆಂಡೂ ಬರಬೇಕು. ಪೋಸ್ಟರಿನಾಗೇ ಹಾಕ್ತಾರಂತೆ."

"ಏನಂತ?"

"ಹನ್ನೊಂದು ಸೆಕೆಂಡು ಅಂತ! ಅವತ್ತು ಹೆಂಗೆ ಮಾಡಿದ್ರೋ ಹಂಗೇ ಮಾಡಿದ್ರೆ ಸಾಕ್ರೀ. ಅದೇನು ಬೆನ್ನು ತಿರುಗಿಸಿದ್ರಲ್ಲ, ನನಗಂತೂ ಮೈ ಜುಮ್ಮಂತು. ನಾನೂ ಅಧ್ಯಕ್ಷ ಭಾಷಣ ಅಷ್ಟೇ ಇಡ್ತೀನಿ, ಹದಿನಾರು ನಿಮಿಷ. ಏನೂ ಬದಲಾಗಬಾರ್ದು."

"ಗುರುಬಸಣ್ಣ, ನಾನು ಅವತ್ತು ಮರೆತಿದ್ದೆ. ಹಲ್ಲು ಜಾರಿತ್ತು."

ಗುರುಬಸವರಾಜ್ ಬಾಯ್ತುಂಬ ನಕ್ಕರು. "ದೊಡ್ಡವರು ನೀವು! ಇಷ್ಟೊಂದು ವಿನಯ ಇರಬಾರ್ದು" ಎಂದು ಕೈಮುಗಿದು, ಟೀ ಕುಡಿದು, ಸೋಮವಾರದೊಳಗೆ ಒಪ್ಪಿಗೆ ಹೇಳಲು ತಿಳಿಸಿ ಹೊರಟರು. ನಿಜ ಹೇಳಿದರೆ ನಂಬದಿರಲು ನಮ್ಮವರು ಹುಡುಕಿಕೊಂಡಿರುವ ಅತ್ಯಂತ ಗೌರವದ ಉಪಾಯ ಅದು.

ಮೈಲಾರಿ ಅವತ್ತು ಊಟ ಬಿಟ್ಟರು. "ಬಿದ್ದಿದ್ದನ್ನ ಟಿಕೆಟ್ ಇಟ್ಟು ತೋರಿಸಬೇಕಂತೆ" ಎಂದರು. "ಬಾಯಿ ಐತೋ ಇಲ್ವೋ ಅಂತ ತಿಳ್ಕಣಾಕೆ ಹೋದೆ. ಈಗ ಐತೆ ಅಂತ ಊರೆಲ್ಲಾ ಹೇಳ್ತೈತೆ, ಒಬ್ರಿಗೂ ಕೇಳಿಸಿಲ್ಲ. ಆ ಬ್ಯಾಂಡ್‌ಸೆಟ್ಟಿನೋರಿಗೆ ಫೋನ್ ಮಾಡವ್ವ, ಬಂದು ತಗಂಡು ಹೋಗ್ಲಿ."

ಸಂಘಮಿತ್ರಾ ಫೋನ್ ತೆಗೆಯಲಿಲ್ಲ. "ಹೆಂಗಸರನ್ನ ಕೇಳಿದ್ಯಾ?"

ಕೇಳಿರಲಿಲ್ಲ. ಜಾಝ್ ಬಗ್ಗೆ ಭಜನಾ ಮಂಡಳಿಯನ್ನು ಕೇಳಬೇಕೆಂದು ಮೈಲಾರಿಗೂ ಹೊಳೆದಿರಲಿಲ್ಲ. ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷ ನುಡಿಸಿದವರಿಗೆ ಆ ಮಟ್ಟಿನ ಜಂಬವಾದರೂ ಇರಬೇಡವೇ?

ಭಾನುವಾರ ಅಪ್ಪ ಮಗಳು ಹೊನ್ನಾಳಿ ಬಸ್ಸು ಹತ್ತಿದರು. ವಾದ್ಯದ ಪೆಟ್ಟಿಗೆಯೂ ಜೊತೆಗಿತ್ತು. ವಾಪಸ್ ಬರುವಾಗ ಬ್ಯಾಂಡ್‌ಸೆಟ್ಟಿನವರ ಅಂಗಡಿಯಲ್ಲಿ ಇಳಿಸಿಬಿಡುವುದೆಂದು ಮೈಲಾರಿ ಪಟ್ಟು ಹಿಡಿದಿದ್ದರು. ಕೊಟ್ರಮ್ಮ ಪಡಸಾಲೆಯಲ್ಲಿ ಕಾಲು ಚಾಚಿ ಶೇಂಗಾ ಸುಲಿಯುತ್ತಿದ್ದರು. ಬಂದವರನ್ನು ಕೂರಿಸಿ, ನೀರು ಕೊಟ್ಟು, ಸಂಘಮಿತ್ರಾಳ ಮುಂದೂ ಒಂದು ಮೊರ ಶೇಂಗಾ ಇಟ್ಟರು.

ಬೆಂಗಳೂರಿನ ವಿಷಯ ಕೇಳಿ ಅವರು ಸುಲಿಯುವುದನ್ನು ನಿಲ್ಲಿಸಿದರು. "ನಾವು ಬರ್ತೀವಿ, ಅದೇನು. ಆದ್ರೆ ಇಷ್ಟು ಹೊತ್ತಿಗೆ ಮರೆಯಬೇಕು ಅಂತ ಗೊತ್ತು ಮಾಡ್ಕಂಡು ಮರೆಯಾಕೆ ಆಗ್ತೈತೇನ್ರೀ? ನೀವು ಮರೆತಿದ್ರಿ, ನಾವು ಎತ್ತಿಕೊಟ್ವಿ. ಹಲ್ಲು ಜಾರಿತ್ತಲ್ಲ ನಿಮಗೆ?"

ಮೈಲಾರಿ ನೆಟ್ಟಗೆ ಕುಳಿತರು. "ನಿಮಗೆ ಹೆಂಗೆ ಗೊತ್ತು?"

"ನಮ್ಮನೆಯವರಿಗೂ ಕಟ್ಟಿಸಿದ ಹಲ್ಲೇ ಇದ್ವು. ಜಾರಾಕಿಂತ ಮುಂಚೆ ದನಿಯಾಗೆ ಸುಸ್ ಅಂತ ಗಾಳಿ ಸೇರ್ತಿತ್ತು. ನಿಮ್ಮದರಾಗೂ ಕೇಳ್ತು."

ಮುನ್ನೂರು ಜನ, ಒಂದು ಕಂಪನಿ, ಒಬ್ಬ ವಿಮರ್ಶಕ. ಕೇಳಿಸಿದ್ದು ಈ ಒಬ್ಬಾಕೆಗೆ. ಮೈಲಾರಿ ಮುಂದಕ್ಕೆ ಸರಿದು ಕುಳಿತರು. "ತಾಯಿ, ಒಂದು ಮಾತು ನಿಜ ಹೇಳ್ರಿ. ಹಲ್ಲಿಂದು ಬಿಡ್ರಿ. ಉಳಿದಿದ್ದು ಹೆಂಗಿತ್ತು?"

"ನೀವು ಬೇಜಾರು ಮಾಡ್ಕೋಬಾರ್ದು."

"ಮಾಡ್ಕಣಲ್ಲ."

"ಮೊದಲಿಂದು ಬರೀ ಅವಸರ. ಊಟಕ್ಕೆ ಕೂತಾಗ ಬಡಿಸೋರಿಗೂ ಅವಸರ ಇರ್ತೈತೆ, ಎಲೆ ಎತ್ತೋರಿಗೂ ಅವಸರ ಇರ್ತೈತೆ. ನಿಮ್ಮದು ಎಲೆ ಎತ್ತೋರ ಅವಸರ. ಇನ್ನೊಬ್ಬರು ಉಂಡ್ರೋ ಇಲ್ವೋ ನೋಡ್ಲೇ ಇಲ್ಲ ನೀವು. ಎರಡು ಸಲ ಕರೆದೆ, ತಿರುಗಲಿಲ್ಲ."

ಸಂಘಮಿತ್ರಾ ಶೇಂಗಾದ ಕಡೆ ಬಗ್ಗಿ ನಗು ಮುಚ್ಚಿಕೊಂಡಳು.

"ಆಮೇಲೆ?" ಎಂದರು ಮೈಲಾರಿ. ಅವರ ದನಿ ಸಣ್ಣದಾಗಿತ್ತು.

"ಆಮೇಲೆ ನಮ್ಮ ಹಿಂದೆ ಬಂದ್ರಲ್ಲ, ಅದು ಚೆನ್ನಾಗಿತ್ತು. ಅದರಾಗೆ ಒಂದು ಕಡೆ, ಮೂರನೇ ನುಡಿಯಾಗೆ, ನಮಗಿಂತ ಮುಂದೆ ಹೋಗಿ ಬಾಗಿಲು ತೆಗೆದು ನಿಂತಂಗೆ ಮಾಡಿದ್ರಿ. ನನಗೆ ಪದಾನೇ ಮರೆತೋಯ್ತು. ಅಂಥದ್ದು ಬಾಯಿದ್ದೋರೇ ಮಾಡಬೇಕು." ಇಷ್ಟು ಹೇಳಿ ಕೊಟ್ರಮ್ಮ ಮತ್ತೆ ಶೇಂಗಾಕ್ಕೆ ಕೈ ಹಾಕಿದರು. "ಬಾಕಿದ್ದು ಕಲೀಬೇಕು."

ಮೈಲಾರಿ ಪೆಟ್ಟಿಗೆ ಎಳೆದುಕೊಂಡರು. ತಮ್ಮ ಪ್ರತಿಭೆಯ ಪರಮಾವಧಿ ಕೇಳಿ ಊಟ ಬಿಟ್ಟಿದ್ದ ಮನುಷ್ಯ, ಕಲೀಬೇಕು ಎಂದದ್ದೇ ತಡ, ಬಾಗಿನ ಸಿಕ್ಕವರ ಮುಖ ಮಾಡಿಕೊಂಡು ವಾದ್ಯ ಜೋಡಿಸತೊಡಗಿದರು. ಅಷ್ಟರಲ್ಲಿ ಗುರುಬಸವರಾಜರ ಫೋನು ಬಂತು. ಸಂಘಮಿತ್ರಾ ಎತ್ತಿದಳು.

"ಇಲ್ಲ ಸರ್, ಬೆಂಗಳೂರಿಗೆ ಬರೋದಿಲ್ಲವಂತೆ... ಅಲ್ಲ ಸರ್, ವಿನಯ ಅಲ್ಲ... ಹೌದು, ನಿಮ್ಮ ಭಾಷಣ ಬೇಕಾದ್ರೆ ನೀವೊಬ್ರೇ ಹೋಗಿ ಮಾಡಬಹುದು ಸರ್."

ಮೈಲಾರಿ ಮೊದಲ ಸಾಲು ನುಡಿಸಿದರು. ಎರಡನೆಯದಕ್ಕೆ ಹೋಗುವಷ್ಟರಲ್ಲಿ ಕೊಟ್ರಮ್ಮ ಶೇಂಗಾ ಹಿಡಿದ ಕೈ ಎತ್ತಿದರು.

"ಅವಸರ."

ಮತ್ತೆ ಮೊದಲಿಂದ. ಸಂಘಮಿತ್ರಾ ರೆಕಾರ್ಡ್ ಮಾಡಲು ಫೋನು ಅವರ ಕಡೆ ತಿರುಗಿಸಿದಳು.

"ಒಳಗಿಡವ್ವ ಅದನ್ನ" ಎಂದರು ಕೊಟ್ರಮ್ಮ. "ನಿಮ್ಮಪ್ಪಗೆ ಇನ್ನಾ ನುಡಿಸಾಕೆ ಬರಾಂಗಿಲ್ಲ."