ನಾಲ್ಕು ಸತಿ

ಬೀಗ ರಿಪೇರಿಯವನ ಗಂಟಲು ಎಂಥದೆಂದರೆ, ಅವನು ಗದರಿದರೆ ಬೀಗಗಳು ಕೀಲಿಗೂ ಕಾಯದೆ ಹೆದರಿ ಬಾಯಿ ಬಿಡುತ್ತಿದ್ದವು. ಅಂಥವನು ಇದ್ದಕ್ಕಿದ್ದಂತೆ ಮೆತ್ತಗಾದರೆ ಹೆಂಡತಿಗೆ ಅನುಮಾನ ಬಾರದೆ ಇರುತ್ತದೆಯೇ? ಅವಳು ಹೊಲಿಗೆಯವಳು. ಬಟ್ಟೆಯಲ್ಲಿ ಒಂದೆಳೆ ಜಾರಿದರೂ ಅವಳ ಕಣ್ಣಿಗೆ ಬೀಳುತ್ತಿತ್ತು, ಇನ್ನು ಗಂಡ ಜಾರಿದರೆ ಬಿಟ್ಟಾಳೆಯೇ!

ಮೊನ್ನೆ ಅಡುಗೆಗೆ ಉಪ್ಪು ಹಾಕುವುದನ್ನೇ ಮರೆತಿದ್ದಳು. ಅವನು ಸೂರು ಹಾರುವಂತೆ ಕೂಗಲಿಲ್ಲ. ಕಣ್ಣು ಮುಚ್ಚಿ ನಿಧಾನವಾಗಿ ಅಗಿದು, "ಉಪ್ಪಿಲ್ಲ" ಎಂದಷ್ಟೇ ಹೇಳಿ ಕೈ ತೊಳೆದ. 

ಅದೂ ಹೋಗಲಿ. ಕೀಲಿಗೆ ಅರ ಉಜ್ಜುತ್ತ ಅವನು ತನ್ನಷ್ಟಕ್ಕೇ ಗೊಣಗುತ್ತಿದ್ದ: "ಕೂತ್ರೂ ಸತಿ, ನಿಂತ್ರೂ ಸತಿ..."

ಮದುವೆಯಾದಾಗಿನಿಂದ ತನ್ನನ್ನು "ಏ ಇವಳೇ" ಅಂದವನು ಯಾರನ್ನಪ್ಪಾ ಇಷ್ಟು ಶುದ್ಧವಾಗಿ ಸತಿ ಅನ್ನುತ್ತಿರುವುದು?

"ಒಂದ್ಸತಿ, ಎರಡ್ಸತಿ ಅಂತ ಏನೋ ಎಣಿಸ್ತಿರಬೇಕು ಕಣೇ," ಅಂದಳು ಪಕ್ಕದ ಮನೆಯಲ್ಲೇ ಇದ್ದ ಅಕ್ಕ.

"ಎಣಿಸೋನ ಮುಖ ಹಾಗೆ ಹೊಳೆಯಲ್ಲಕ್ಕಾ. ಸಂಜೆಯಾದ್ರೆ ಸಾಕು, 'ಯಾರದ್ದೋ ಬೀಗ ಕೆಟ್ಟಿದೆ' ಅಂತ ಹೊರಡ್ತಾರೆ. ಅರ ಮಾತ್ರ ಮನೇಲೇ ಇರುತ್ತೆ!"

"ಹಾಗಾದ್ರೆ ಬಟ್ಟೆ ಕಟ್ಕೊಂಡು ನಮ್ಮನೆಗೆ ಬಂದ್ಬಿಡು."

ಅವಳು ಗಂಟು ಕಟ್ಟಿಯೇ ಇಟ್ಟಳು. ಆದರೆ ಕಣ್ಣಾರೆ ಕಂಡ ಮೇಲೇ ಮನೆ ಬಿಡುವುದು ಅಂದುಕೊಂಡು, ಕೊರಳಲ್ಲಿದ್ದ ಟೇಪನ್ನೂ ತೆಗೆಯದೆ ಗಂಡನ ಹಿಂದೆ ಹೊರಟಳು. ಅವನು ಸೈಕಲ್ ಅಂಗಡಿಯ ಮೇಲಿನ ರೂಮಿಗೆ ಹತ್ತಿದ. ಇವಳು ಬಾಗಿಲಿಗೆ ಕಿವಿಯಿಟ್ಟಳು. ಒಳಗೆ ಹೆಣ್ಣು ದನಿ!

"ಸತಿ ಎಷ್ಟು ಕಡೆ ಇಡಬೇಕು, ಹೇಳಿ?"

"ನಾಲ್ಕು ಕಡೆ ಮೇಡಂ," ಅಂದ ಗಂಡ. "ಬೆಳಿಗ್ಗೆಯೆಲ್ಲ ಜೊತೇಲೇ ಇರುತ್ತೆ. ಮನೇಲಿ ಹೆಂಡ್ತಿ ಬಾಯಿ ತೆಗೆದ ತಕ್ಷಣ ಓಡಿಹೋಗುತ್ತೆ."

ನಾಲ್ಕು ಕಡೆ! ಅದೂ 'ಇರುತ್ತೆ, ಹೋಗುತ್ತೆ' ಅಂತೆ. ಮುದ್ದು ಉಕ್ಕಿದಾಗಲ್ಲವೇ ಹೆಣ್ಣನ್ನು ಹಾಗನ್ನುವುದು?

ಬಾಗಿಲು ಗೋಡೆಗೆ ಬಡಿಯಿತು. "ಎಲ್ರೀ ಆ ನಾಲ್ಕು ಜನ?"

ಒಳಗಿದ್ದದ್ದು ಕೆಲವು ಕುರ್ಚಿ, ಕೂತ ನಾಲ್ಕಾರು ಮಂದಿ, ದಪ್ಪ ಪುಸ್ತಕ ಹಿಡಿದ ನರೆಗೂದಲ ನರ್ಸಮ್ಮ. ಕೆಲಸದಿಂದ ನಿವೃತ್ತಿಯಾದ ಮೇಲೆ ಆಕೆ ಇಲ್ಲಿ ಬುದ್ಧನ ಹಳೆಯ ಸುತ್ತಗಳನ್ನು, ಅಂದರೆ ಉಪದೇಶಗಳನ್ನು, ಓದಿ ಅರ್ಥ ಹೇಳುತ್ತಿದ್ದಳು.

"ಕೂತ್ಕೊಳಮ್ಮ," ಅಂದಳು ಆಕೆ. "ಪಾಲಿ ಭಾಷೇಲಿ ಸತಿ ಅಂದ್ರೆ ಹೆಂಡ್ತಿ ಅಲ್ಲ, ಎಚ್ಚರ. ಮೈ, ಮೈಮನಸ್ಸಿಗೆ ಆಗೋ ಸುಖದುಃಖ, ಮನಸ್ಸು, ಮನಸ್ಸಲ್ಲಿ ಬಂದುಹೋಗೋ ವಿಷಯಗಳು, ಅಂದ್ರೆ ಧರ್ಮ. ಈ ನಾಲ್ಕರ ಮೇಲೂ ಎಚ್ಚರ ಇಡಿ ಅಂತ ಬುದ್ಧ ಹೇಳಿದ್ದು."

ಅವಳ ಸಿಟ್ಟು ಇಳಿಯಿತು, ಅನುಮಾನ ಏರಿತು. "ಬುದ್ಧ ಅಂದ್ರೆ, ಹೆಂಡ್ತಿ ಮಲಗಿದ್ದಾಗ ರಾತ್ರೋರಾತ್ರಿ ಮನೆ ಬಿಟ್ಟೋನು ತಾನೇ?"

"ಆ ಕಥೆ ಆಮೇಲೆ ಬಂದಿದ್ದು. ಈ ಹಳೇ ಸುತ್ತದಲ್ಲಿ, ಅಪ್ಪ ಅಮ್ಮ ಅಳ್ತಿದ್ರೂ ಹೊರಟ ಅಂತಷ್ಟೇ ಇದೆ."

"ಅಂದ್ರೆ ಎಲ್ರೂ ಎದ್ದಿದ್ದಾಗ್ಲೇ ಹೋದ! ಇದು ಇನ್ನೂ ಕೆಟ್ಟದಾಯ್ತು."

ನರ್ಸಮ್ಮ ಪುಸ್ತಕದ ಹಾಳೆ ತಿರುವಿದಳು. ಹೆಂಡತಿ ಗಂಡನ ಕಡೆ ತಿರುಗಿದಳು. ದನಿ ಸಣ್ಣಗಾಗಿತ್ತು. "ರೀ, ನೀವೂ ಹೋಗ್ತೀರಾ?"

"ಎಲ್ಲಿಗೇ? ಕೂಗಾಟ ಬಿಡೋಣ ಅಂತ ಬಂದೋನು ನಾನು. ಮನೆ ಬಿಡೋಕಲ್ಲ."

"ಮತ್ತೆ ಮುಚ್ಚಿಟ್ಟಿದ್ಯಾಕೆ?"

"ನೀನು ನಗ್ತೀಯ ಅಂತ ಕಣೇ."

ಅವಳು ನಗಲಿಲ್ಲ. ಒಂದು ಕುರ್ಚಿ ಎಳೆದು, ಅವನಿಗೂ ಬಾಗಿಲಿಗೂ ನಡುವೆ ಹಾಕಿಕೊಂಡು ಕೂತಳು.

"ಎಲ್ಲರೂ ಕಣ್ಣು ಮುಚ್ಚಿ ಉಸಿರು ನೋಡಿ," ಅಂದಳು ನರ್ಸಮ್ಮ. ಎಲ್ಲರೂ ಮುಚ್ಚಿದರು. ಸ್ವಲ್ಪ ಹೊತ್ತಿಗೆ ಗಂಡ ಒಂದು ಕಣ್ಣು ತೆರೆದ. ಹೆಂಡತಿ ಅವನನ್ನೇ ಮಿಕಿಮಿಕಿ ನೋಡುತ್ತಿದ್ದಳು.

"ಮುಚ್ಚೇ," ಎಂದು ಪಿಸುಗುಟ್ಟಿದ.

"ನೀವು ನಿಮ್ಮ ಉಸಿರು ನೋಡ್ಕೊಳ್ರೀ," ಅಂದಳು. "ನಾನು ನಿಮ್ಮನ್ನ ನೋಡ್ಕೊಳ್ತೀನಿ."