ಸಾಲಿನ ಕೊನೆಯವಳ ಜಡೆ

ಮನೆಯಲ್ಲಿ ನನಗೆ ‘ಯಾಕಮ್ಮ’ ಎಂದೇ ಹೆಸರು ಬಿದ್ದುಹೋಗಿತ್ತು. ಯಾರು ಏನು ಹೇಳಿದರೂ ಯಾಕೆ ಅನ್ನದೆ ನಾನು ಬಿಡುತ್ತಿರಲಿಲ್ಲ. ಹಾಸ್ಟೆಲ್ ಇರುವ ಶಾಲೆಯಲ್ಲಿ ಸೀಟು ಸಿಕ್ಕಿದ ಮೇಲಂತೂ ದೊಡ್ಡಮ್ಮನ ಮಗಳ ತಲೆ ತಿಂದುಹಾಕಿದೆ. ಅಕ್ಕ ಅಲ್ಲೇ ಓದಿ ಮುಗಿಸಿದವಳು. ಮಂಚದ ಮೇಲೆ ಮಂಚ ಇರುತ್ತದಂತಲ್ಲ, ಮೇಲಿನವಳು ಉರುಳಿದರೆ ಎಲ್ಲಿ ಬೀಳುತ್ತಾಳೆ? ಲೈಟ್ ಆರಿಸುವುದು ಯಾರು? ಅವರಿಗೆ ನಿದ್ದೆ ಬರದಿದ್ದರೆ?

“ಅಯ್ಯೋ, ಸಾಕು ಮಾರಾಯ್ತಿ!” ಎಂದಳು ಅಕ್ಕ. “ಬೆಳಗಿನ ವಿಷಯ ಕೇಳು. ಕೋಣೆಯವರೆಲ್ಲ ಒಬ್ಬರ ಹಿಂದೆ ಒಬ್ಬರು ಸಾಲಾಗಿ ಕೂತ್ಕೋತೀವಿ. ಒಬ್ಬೊಬ್ಬಳೂ ತನ್ನ ಮುಂದಿನವಳಿಗೆ ಜಡೆ ಹಾಕೋದು. ಗಂಟೆ ಹೊಡೆಯೋಷ್ಟರಲ್ಲಿ ಇಡೀ ಕೋಣೆ ರೆಡಿ.”

“ಮತ್ತೆ ಕೊನೆಯವಳಿಗೆ?”

“ಕೊನೇಲಿ ಕೂರೋದು ಹೊಸಬಳು. ಅವಳ ಜಡೆ ಅವಳೇ ಹಾಕ್ಕೋಬೇಕು. ಬರಲ್ಲ ಅಂದ್ರೆ ವಾರ್ಡನ್ ಹತ್ರ ಕತ್ತರಿ ಇದೆ. ಕುತ್ತಿಗೆವರೆಗೆ, ಕಚಕ್!”

“ಮೊದಲನೆಯವಳ ಕೈ ಖಾಲಿ ಇರುತ್ತಲ್ಲ, ಅವಳೇ ಎದ್ದು ಬಂದು ಹಾಕಬಹುದಲ್ವಾ?”

ಅಕ್ಕ ನನ್ನ ಮುಖವನ್ನೇ ನೋಡಿದಳು. “ಅಷ್ಟು ವರ್ಷ ಅಲ್ಲಿದ್ದೆ, ನಂಗಿದು ಹೊಳೀಲೇ ಇಲ್ಲ ನೋಡು. ಆದ್ರೆ ಅವಳು ಎಲ್ಲರಿಗಿಂತ ದೊಡ್ಡವಳು ಕಣೆ. ಕೇಳೋ ಧೈರ್ಯ ಯಾರಿಗಿದೆ?”

ನನ್ನ ಜಡೆ ಸೊಂಟ ಮುಟ್ಟುತ್ತಿತ್ತು. ಅದನ್ನು ದಿನಾ ಹಾಕುತ್ತಿದ್ದವನು ಅಪ್ಪ. ಅಮ್ಮ ಬ್ರೆಡ್ ಕಾರ್ಖಾನೆಯ ಬೆಳಗಿನ ಪಾಳಿಗೆ ಹೊರಟುಬಿಡುತ್ತಿದ್ದಳು. ಅಪ್ಪ ತನ್ನ ಕಟಿಂಗ್ ಶಾಪಿನ ಬಾಗಿಲು ತೆರೆಯುವ ಮುಂಚೆ ನನ್ನನ್ನು ಗಿರಾಕಿಗಳ ಕುರ್ಚಿಯಲ್ಲಿ ಕೂರಿಸಿ, ಮಾತಾಡುತ್ತಾ ಮಾತಾಡುತ್ತಾ ಜಡೆ ಮುಗಿಸಿಬಿಡುತ್ತಿದ್ದ. ಅದು ಯಾವಾಗ ಶುರುವಾಯಿತು, ಯಾವಾಗ ಮುಗಿಯಿತು ಎಂಬುದೇ ನನಗೆ ಗೊತ್ತಾಗುತ್ತಿರಲಿಲ್ಲ.

ಅಮ್ಮನಿಗೆ ಇದೆಲ್ಲ ದೊಡ್ಡ ವಿಷಯವೇ ಅಲ್ಲ. “ರೀ, ನೀವೇ ಕತ್ತರಿಸಿಬಿಡಿ ಅತ್ಲಾಗೆ. ಕೂದಲು ತಾನೆ, ಬೆಳೆಯುತ್ತೆ.”

ಬೀದಿಯ ಅರ್ಧ ತಲೆಗಳಿಗೆ ಕತ್ತರಿ ಆಡಿಸಿದ ಮನುಷ್ಯನ ಮುಖ ಕೆಂಪಾಯಿತು. “ನನ್ನ ಮಗಳ ತಲೆಗೆ ಕತ್ತರೀನಾ? ಅದೂ ಯಾವಳೋ ವಾರ್ಡನ್ ಕತ್ತರಿ, ಸಾಣೆ ಹಿಡಿಸಿ ಎಷ್ಟು ಕಾಲ ಆಯ್ತೋ ಏನೋ! ನಾನು ಕಲಿಸ್ತೀನಿ.”

ಕಲಿಸಿದ. ಮುಂದೆ ಒಂದು ಕನ್ನಡಿ, ಹಿಂದೆ ಒಂದು ಕನ್ನಡಿ, ನಡುವೆ ನಾನು. ನನ್ನ ಬೆನ್ನನ್ನು ನಾನು ಸರಿಯಾಗಿ ನೋಡಿದ್ದು ಅದೇ ಮೊದಲು. ಕತ್ತಿನ ಮೇಲೆ ಒಂದು ಮಚ್ಚೆ ಇತ್ತು! ಇಷ್ಟು ವರ್ಷ ಒಬ್ಬರಾದರೂ ಹೇಳಬಾರದಿತ್ತೇ? ಕನ್ನಡಿ ನೋಡಿಕೊಂಡು ವಾರದೊಳಗೆ ಜಡೆ ಹಾಕಲು ಕಲಿತೆ. ಅಪ್ಪ ಅರ್ಧ ಕ್ಷೌರವಾದ ಗಿರಾಕಿಗಳನ್ನೂ ನಿಲ್ಲಿಸಿ ನನ್ನ ಜಡೆ ತೋರಿಸುತ್ತಿದ್ದ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಅಕ್ಕ ಬಂದು ನೋಡಿ ಬಿದ್ದು ಬಿದ್ದು ನಕ್ಕಳು. “ಚಿಕ್ಕಪ್ಪಾ, ಅಲ್ಲಿ ಕನ್ನಡಿ ಎಲ್ಲಿಂದ ತರ್ತಾಳೆ? ಇಡೀ ಮಹಡಿಗೆ ಒಂದೇ ಒಂದು, ಅದೂ ದೊಡ್ಡವರು ಜಾಗ ಬಿಟ್ರೆ!”

ಕನ್ನಡಿಗೆ ಬೆನ್ನು ಮಾಡಿ ಕೂತೆ. ಬೆರಳುಗಳಿಗೆ ಏನೂ ತಿಳಿಯದು.

“ಎಡಗಡೆ ಎಳೆ ಮಧ್ಯಕ್ಕೆ ತಗೋ,” ಎಂದ ಅಪ್ಪ.

“ಮಧ್ಯದ್ದು ಎಲ್ಲಿಗೆ ಹೋಯ್ತು? ಈಗ ಕೈಯಲ್ಲಿರೋದು ಯಾವುದು?”

ಅಪ್ಪ ಗಾಳಿಯಲ್ಲೇ ಬೆರಳಾಡಿಸಿ ನೋಡಿದ. “ಗೊತ್ತಿಲ್ಲ ಮಗಳೇ. ಕೈ ತಾನಾಗೇ ಮಾಡ್ಕೊಂಡು ಹೋಗುತ್ತೆ. ಹೇಳೋಕೆ ಬರ್ತಿಲ್ಲ.”

ಬಾಚಣಿಗೆ ಎಸೆದೆ. “ಹಾಗಾದ್ರೆ ಕತ್ತರಿಸು, ಪೀಡೆ ಹೋಗಲಿ!” ಎಂದು ಕೂಗಿದೆ. ಅಪ್ಪ ನಿಜವಾಗಿ ಕತ್ತರಿ ತೆಗೆದುಕೊಂಡ. ನನ್ನ ಹಿಂದೆ ಬಂದು ನಿಂತ. ಜಡೆ ಹಿಡಿದ. ಅಷ್ಟೇ. ಕತ್ತರಿಯ ಸದ್ದು ಬರಲಿಲ್ಲ, ಅವನ ಉಸಿರು ಮಾತ್ರ ಕೇಳುತ್ತಿತ್ತು. ನನ್ನ ಕೋಪ ಇಳಿದುಹೋಯಿತು. ಆ ಕೈಗೆ ಅಷ್ಟೆಲ್ಲ ಹೇಗೆ ಗೊತ್ತು ಎಂಬ ಕುತೂಹಲವೇ ಜಾಸ್ತಿಯಾಯಿತು.

“ಅಪ್ಪಾ, ಕತ್ತರಿ ಇಡು. ನೀನು ಸುಮ್ನೆ ಹಾಕ್ತಾ ಹೋಗು, ಮಾತಾಡಬೇಡ,” ಎಂದು ನನ್ನೆರಡೂ ಕೈಯನ್ನು ಹಿಂದಕ್ಕೆ ಚಾಚಿ, ಅವನ ಕೈಗಳ ಮೇಲಿಟ್ಟೆ.

ಬೆರಳು ಏಳುವುದು, ದಾಟುವುದು, ಬಿಗಿಯುವುದು ಒಂದೊಂದೂ ತಿಳಿಯತೊಡಗಿತು. ಕಿರುಬೆರಳು ಒಂದು ಎಳೆಯನ್ನು ಹಿಡಿದು ತನ್ನ ಸರದಿಗೆ ಕಾಯುತ್ತದೆ! ಇದನ್ನು ಅಪ್ಪ ಹೇಳಿಯೇ ಇರಲಿಲ್ಲ. ಬಿಚ್ಚಿದೆವು, ಹಾಕಿದೆವು, ಮತ್ತೆ ಬಿಚ್ಚಿದೆವು. ಗಿರಾಕಿ ಬಂದರೆ ಅಕ್ಕ ಬಾಗಿಲಲ್ಲೇ ತಡೆದು ಕಳಿಸುತ್ತಿದ್ದಳು. ತೋಳು ಸೋತು ಬಿದ್ದುಹೋಗುವಂತಿದ್ದಾಗ ನೋಡುತ್ತೇನೆ, ನನ್ನ ಬೆರಳುಗಳ ಕೆಳಗೆ ಬರೀ ಕೂದಲು. ಅಪ್ಪ ಯಾವಾಗಲೋ ಕೈ ಜಾರಿಸಿಕೊಂಡು ದೂರ ನಿಂತಿದ್ದ.

ಹಾಸ್ಟೆಲ್ಲಿನ ಮೊದಲ ಬೆಳಿಗ್ಗೆ ಸಾಲಿನ ಕೊನೆಯಲ್ಲಿ ಕೂತು ನನ್ನ ಜಡೆ ಮುಗಿಸಿ, ಮುಂದಿನವಳದ್ದನ್ನೂ ಮುಗಿಸಿ, ತಡೆಯಲಾರದೆ ಕೇಳಿಯೇಬಿಟ್ಟೆ: “ಮುಂದೆ ಕೂತಿರೋ ಅಕ್ಕಾ, ನಿಮ್ಮ ಕೈ ಖಾಲಿ ಇದೆಯಲ್ಲ, ಕೊನೆಯವಳಿಗೆ ನೀವ್ಯಾಕೆ ಹಾಕಬಾರದು?”

ಇಡೀ ಸಾಲು ತಿರುಗಿ ನನ್ನನ್ನು ನೋಡಿತು. ಅವಳು ಎದ್ದು ಬಂದಳು. “ತಿರುಗು, ಹಾಕ್ತೀನಿ.”

“ಬೇಡ, ನಂದಾಗಿದೆ. ಸುಮ್ನೆ ಕೇಳ್ದೆ.”

ಮೊದಲು ನಕ್ಕವಳು ಅವಳೇ.

ಭಾನುವಾರ ಅಪ್ಪ ನೋಡಲು ಬಂದ. ಊಟ ಆಯ್ತಾ ಎಂದೂ ಕೇಳದೆ, ಗಿರಾಕಿಯ ತಲೆ ನೋಡುವ ಹಾಗೆ ನನ್ನ ಹಿಂದೆ ಹೋಗಿ ನಿಂತ.

“ಎಡಕ್ಕೆ ವಾಲಿದೆ.”

“ಹಾಗಾದ್ರೆ ನೀನೇ ಸರಿ ಮಾಡು,” ಎಂದು ಕಲ್ಲುಬೆಂಚಿನ ಮೇಲೆ ತಿರುಗಿ ಕೂತೆ. ನಿಜ ಹೇಳಬೇಕೆಂದರೆ ವಾರವೆಲ್ಲ ನಾನು ಕಾದಿದ್ದೇ ಅದಕ್ಕೆ. ಎಷ್ಟು ಹೊತ್ತಾದರೂ ಕೈ ತಾಗಲಿಲ್ಲ. ತಿರುಗಿ ನೋಡಿದರೆ ಅಪ್ಪ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ.

“ಬೇಡ ಮಗಳೇ. ಅದು ನೀನು ಹಾಕಿದ ಜಡೆ. ನಾನು ಮುಟ್ಟಿದ್ರೆ ನಂದಾಗಿಬಿಡುತ್ತೆ.”

ಹೊತ್ತಾಯಿತೆಂದು ಗಂಟೆ ಹೊಡೆದಾಗ ಗೇಟಿನವರೆಗೂ ಹಾಗೇ ನಡೆದ, ಕೈ ಬಿಚ್ಚದೆ. ನನಗೆ ಅಳು ಬಂತು. ಅತ್ತುಬಿಟ್ಟೆ.