ಡೆಲ್ಬರ್ಟ್ ಕೊಟ್ಟ ಕೆಂಪು ಗುಂಡುಗಳು

ಪುಕ್ಕಟೆ ಏನನ್ನೂ ಕೊಡುವ ಆಸಾಮಿಯಲ್ಲ ಡೆಲ್ಬರ್ಟ್. ಅಂಥವನು ಕಾಫಿ ಡಬ್ಬಿಯ ತುಂಬ ಕೆಂಪು ಗುಂಡು ತಂದು ಮೇಜಿನ ಮೇಲಿಟ್ಟು, "ಸೀಸ ಕರಗಿಸಿ ಎರಕ ಹೊಯ್ದಿದ್ದು ನಾನೇ, ಸೀಸ ನಳಿಗೆಗೆ ಅಂಟದ ಹಾಗೆ ಪುಡಿಬಣ್ಣ ಬೇಯಿಸಿದ ಪೌಡರ್ ಕೋಟಿಂಗೂ ನಂದೇ. ಹಾರ್ಲನ್ ರಿವಾಲ್ವರಿಗೆ ಹೇಳಿ ಮಾಡಿಸಿದ ಹಾಗಿವೆ," ಅಂದಾಗಲೇ ವರ್ಲಾಳ ಕಿವಿ ನೆಟ್ಟಗಾಯಿತು.

ಹಾರ್ಲನ್ ಅವಳ ಗಂಡ. ತೀರಿಕೊಂಡು ಹದಿನಾಲ್ಕು ತಿಂಗಳು. ಡೆಲ್ಬರ್ಟ್ ಅವನ ತಮ್ಮ. ಆ ರಿವಾಲ್ವರ್ ನನಗೆ ಕೊಟ್ಟುಬಿಡು ಅಂತ ಎರಡು ಸಲ ಬಾಯಿಬಿಟ್ಟು ಕೇಳಿದ್ದ. ಈ ಗುಂಡು ಹೊಡೆದು ನಳಿಗೆ ಕೆಟ್ಟರೆ ತಾನಾಗಿಯೇ ಕೈಬಿಡ್ತಾಳೆ ಅಂದುಕೊಂಡಿರಬೇಕು, ಭೂಪ!

ವರ್ಲಾ ಬಿಡುವವಳೇ? ಗ್ಯಾರೇಜಿನಲ್ಲಿ ಒಂದು ಗುಂಡನ್ನು ಸುತ್ತಿಗೆಯಿಂದ ಜಜ್ಜಿದಳು. ಚಪ್ಪಟೆಯಾಯಿತೇ ಹೊರತು ಬಣ್ಣ ಉದುರಲಿಲ್ಲ. ಇನ್ನೊಂದನ್ನು ಉಗುರುಬಣ್ಣ ತೆಗೆಯುವ ದ್ರಾವಣ ಹಾಕಿ ಗಸಗಸ ಉಜ್ಜಿದಳು. ಬಟ್ಟೆಗೆ ಕೆಂಪು ಹತ್ತಲಿಲ್ಲ. ಕೋಟಿಂಗ್ ಹದವಾಗಿಯೇ ಬೆಂದಿದೆ. ಅಲ್ಲಿಗೆ ಅವಳ ಅನುಮಾನ ಇನ್ನಷ್ಟು ಹೆಚ್ಚಿತು. ಇಷ್ಟು ಮುತುವರ್ಜಿ ಇವನಿಗೆ ಯಾಕಂತೆ?

ಹಾರ್ಲನ್ ಇಟ್ಟ ಡ್ರಾಯರಿನಿಂದಲೇ ರಿವಾಲ್ವರ್ ತೆಗೆದು, ಆ ಗುಂಡು ಕೂರಿಸಿ ಒಂದಿಷ್ಟು ತೋಟಾ ಕಟ್ಟಿದಳು. ಊರಾಚೆಯ ಜಲ್ಲಿ ಗುಂಡಿಗೆ ಹೋಗಿ ಆರು ಹೊಡೆದಳು. ಗುರಿ ಚೆನ್ನಾಗಿಯೇ ಬಿತ್ತು. ಖಾಲಿ ಮಾಡಿ ನಳಿಗೆಯೊಳಗೆ ನೋಡುತ್ತಾಳೆ, ಉದ್ದಕ್ಕೂ ಸೀಸದ ಬೂದು ಗೆರೆ! ಅಲ್ಲಿಂದಲೇ ಡೆಲ್ಬರ್ಟ್‌ಗೆ ಫೋನು ಮಾಡಿ ಕರೆಸಿದಳು.

"ನಿನ್ನಣ್ಣನ ಗುರುತು ಅಂತ ಉಳಿದಿದ್ದು ಇದೊಂದೇ. ಅದನ್ನೂ ಹಾಳು ಮಾಡಿದ್ಯಲ್ಲೋ!"

ಡೆಲ್ಬರ್ಟ್ ಇಣುಕಿ ನೋಡಿದ. "ಹೊಡೆಯೋ ಮುಂಚೆ ನಳಿಗೆ ಉಜ್ಜಿದ್ಯಾ?"

"ಉಜ್ಜೋ ಕೆಲಸ ಯಾವತ್ತೂ ಹಾರ್ಲನ್‌ದು."

"ಅಯ್ಯೋ ಮಾರಾಯ್ತಿ! ಅವನು ಹೊಡೀತಿದ್ದಿದ್ದು ಬರೀ ಸೀಸ, ಕೋಟಿಂಗ್ ಇಲ್ಲದ್ದು. ಈ ಗೆರೆ ಆ ಹಳೇ ಸೀಸದ್ದು."

ಟ್ರಕ್ಕಿನ ಹಿಂಬಾಗಿಲ ಮೇಲೆ ಬಿಳಿ ಬಟ್ಟೆ ಹಾಸಿ, ಬ್ರಷ್ ತೂರಿಸಿ ಉಜ್ಜಿದ. ಬೂದು ಚೂರುಗಳು ಉದುರಿದವು. ನಳಿಗೆ ಕನ್ನಡಿಯಾದ ಮೇಲೆ, "ಈಗ ಹೊಡಿ," ಅಂದ. ವರ್ಲಾ ಮತ್ತೆ ಆರು ಹೊಡೆದು ನೋಡಿದಳು. ಒಂದು ಗೆರೆಯೂ ಇಲ್ಲ. ಅವಳಿಗೆ ತಲೆ ಎತ್ತಲಾಗಲಿಲ್ಲ.

"ಮತ್ತೆ ಎರಡೆರಡು ಸಲ ಯಾಕೋ ಕೇಳಿದೆ?"

"ಡ್ರಾಯರಲ್ಲೇ ತುಕ್ಕು ಹಿಡಿಯುತ್ತಲ್ಲ ಅಂತ. ನೀನೇ ಹೊಡೆಯೋದಾದ್ರೆ ನಂಗ್ಯಾಕೆ?" ಡೆಲ್ಬರ್ಟ್ ಬ್ರಷ್ ಒರೆಸಿಟ್ಟ. "ಆಸ್ಪತ್ರೆಗೆ ಸೇರೋ ಹಿಂದಿನ ದಿನ ಅವನು ಇದೇ ರಿವಾಲ್ವರ್ ತಗೊಂಡು ನನ್ನ ಜೊತೆ ಇಲ್ಲಿಗೆ ಬಂದಿದ್ದ. ಹೊಡೆದಾದ ಮೇಲೆ ಉಜ್ಜೋಕೆ ಹೋದ, ಕೈ ನಡುಗಿ ಆಗಲಿಲ್ಲ. ಈ ಚೂರೆಲ್ಲ ಆವತ್ತಿನವೇ. 'ವರ್ಲಾಗೆ ಹೇಳಬೇಡ' ಅಂದ."

ಹೊರಡುವ ಹೊತ್ತಿಗೆ ಅವನು ಸೀಸದ ಚೂರು ಬಿದ್ದಿದ್ದ ಆ ಬಿಳಿ ಬಟ್ಟೆ ಎತ್ತಿ ಕೊಡವಲು ಹೋದ.

"ಕೊಡವಬೇಡ್ವೋ!" ಅಂತ ಕಿರುಚಿ, ವರ್ಲಾ ಎರಡೂ ಕೈಯಿಂದ ಬಟ್ಟೆ ಹಿಡಿದುಕೊಂಡಳು.